ಕಾಯ್ದಿರಿಸಿದ ಸೀಟು ಮತ್ತು ಪಾಸಿನವರು: ಶಿವಮೊಗ್ಗ–ಬೀರೂರು ದಾರಿಯಲ್ಲಿ ಫಸ್ಟ್ ಕ್ಲಾಸ್ ಬೋಗಿ ಬೇಕೇ?

ಪ್ರಶ್ನೆ: ಸಾಗರದ ಪ್ರಯಾಣಿಕ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬೆಂಗಳೂರಿಗೆ ಹಗಲು ರೈಲಿನಲ್ಲಿ ಓಡಾಡುವ ಎಲ್ಲರಿಗೂ ಪರಿಚಿತವಾದ ಒಂದು ಸಂಗತಿಯ ಬಗ್ಗೆ ತಿಳಿದವರ ಅಭಿಪ್ರಾಯ ಕೇಳಬೇಕೆಂದಿದ್ದೇನೆ. ಮೊಣಕಾಲು ನೋವಿರುವ ತಾಯಿಯವರನ್ನು ಬೆಂಗಳೂರಿನಲ್ಲಿ ವೈದ್ಯರಿಗೆ ತೋರಿಸಲೆಂದು ಸೆಕೆಂಡ್ ಸಿಟ್ಟಿಂಗ್ ಬೋಗಿಯಲ್ಲಿ ಎರಡು ಸೀಟು ಕಾಯ್ದಿರಿಸಿಕೊಂಡು ಹೋದ ಮಳೆಗಾಲದಲ್ಲಿ ಹೊರಟಿದ್ದೆ. ಭದ್ರಾವತಿ ದಾಟುವ ಹೊತ್ತಿಗೆ ಸೀಸನ್ ಪಾಸಿನವರು ಬೋಗಿಯ ತುಂಬ ಹತ್ತಿದ್ದರು. ಮೂವರು ಕೂರುವ ನಮ್ಮ ಬೆಂಚಿನಲ್ಲಿ ನಾಲ್ಕನೆಯವರೊಬ್ಬರು ಕೇಳದೆಯೇ ಕುಳಿತರು. ಮಳೆಯ ಎರಚಲಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಉಸಿರು ಕಟ್ಟುತ್ತಿತ್ತು. ಮೇಲಿನ ಸಾಮಾನು ಕಟ್ಟೆಯ ಕಂಬಿಗೆ ಯಾರೋ ನೇತುಹಾಕಿದ್ದ ಕೊಡೆಯಿಂದ ತಾಯಿಯವರ ಭುಜದ ಮೇಲೆ ಒಂದೇ ಸಮನೆ ನೀರು ತೊಟ್ಟಿಕ್ಕುತ್ತಿತ್ತು. ಕೊಡೆಯನ್ನು ಆಚೆ ಇಡಿ ಎಂದಿದ್ದಕ್ಕೆ, "ಬೀರೂರಿಗೆ ಇಳಿದುಬಿಡ್ತೀವಿ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಹಿಂದಿನಿಂದ ಇನ್ನೊಬ್ಬರು, ಇಷ್ಟು ಅನುಕೂಲ ಬೇಕಿದ್ದವರು ಕಾರು ಮಾಡಿಕೊಂಡು ಹೋಗಬೇಕಿತ್ತು ಎಂದೂ ಸೇರಿಸಿದರು.

ನನ್ನ ಪ್ರಶ್ನೆ ಎರಡು. ಕಾಯ್ದಿರಿಸಿದ ಬೋಗಿಗೆ ಪಾಸಿನವರು ಬಂದು ಕೂರುವುದಕ್ಕೆ ನಿಯಮದಲ್ಲಿ ಎಲ್ಲಿಯಾದರೂ ಅವಕಾಶವಿದೆಯೇ? ಮುಂಬಯಿಯ ಲೋಕಲ್ ರೈಲುಗಳಲ್ಲಿ ಇರುವಂತೆ, ಹೆಚ್ಚು ದುಡ್ಡು ಕೊಡಲು ಸಿದ್ಧರಿರುವ ನಿತ್ಯ ಪ್ರಯಾಣಿಕರಿಗೆ ನಮ್ಮ ಬೆಳಗಿನ ರೈಲುಗಳಲ್ಲಿಯೂ ಫಸ್ಟ್ ಕ್ಲಾಸ್ ಬೋಗಿಯೊಂದನ್ನು ಜೋಡಿಸಿದರೆ ಈ ಜಗಳ ತಪ್ಪುವುದಿಲ್ಲವೇ? ದಿನವೂ ನಿಂತು ಹೋಗುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ತನ್ನ ಸೀಟಿನಲ್ಲಿ ತಾನು ಕುಳಿತವನನ್ನು ಅಹಂಕಾರಿ ಎಂಬಂತೆ ನೋಡುವುದು ಅರ್ಥವಾಗುವುದಿಲ್ಲ.

ಉತ್ತರ: ನಿವೃತ್ತ ಟಿಸಿ, ಭದ್ರಾವತಿ

ನಿಮ್ಮ ಮೊದಲ ಪ್ರಶ್ನೆಗೆ ನನ್ನಿಂದಾದಷ್ಟು ಉತ್ತರಿಸುತ್ತೇನೆ. ಸೆಕೆಂಡ್ ಕ್ಲಾಸ್ ಸೀಸನ್ ಪಾಸು ಕಾಯ್ದಿರಿಸದ ಬೋಗಿಗೆ ಮಾತ್ರ ಸಲ್ಲುತ್ತದೆ. ಅದು ಪ್ರಯಾಣದ ಹಕ್ಕನ್ನು ಕೊಡುತ್ತದೆಯೇ ಹೊರತು ಸೀಟಿನ ಹಕ್ಕನ್ನಲ್ಲ. ಇದಕ್ಕೆ ಒಂದು ವಿನಾಯಿತಿ ಇದೆ. ಕೆಲವು ರೈಲುಗಳಲ್ಲಿ, ಗೊತ್ತುಪಡಿಸಿದ ಎರಡು ನಿಲ್ದಾಣಗಳ ನಡುವೆ, ಹಗಲು ಹೊತ್ತಿನಲ್ಲಿ ನಿರ್ದಿಷ್ಟ ಸ್ಲೀಪರ್ ಬೋಗಿಗಳನ್ನು ಕಾಯ್ದಿರಿಸದ ಬೋಗಿಗಳೆಂದು ರೈಲ್ವೆಯೇ ಘೋಷಿಸುತ್ತದೆ. ಅಂಥ ಬೋಗಿಯಲ್ಲಿ ಪಾಸಿನವರು ಧಾರಾಳವಾಗಿ ಕೂರಬಹುದು. ಯಾವ ರೈಲು, ಯಾವ ಬೋಗಿ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ನೋಡಿಕೊಳ್ಳದೆ "ಇದು ಡೀರಿಸರ್ವ್ಡ್ ಬೋಗಿ" ಎಂದು ವಾದಿಸುವವರೂ ಇದ್ದಾರೆನ್ನಿ. ಜನಶತಾಬ್ದಿಯಂಥ, ಎಲ್ಲ ಬೋಗಿಗಳೂ ಕಾಯ್ದಿರಿಸಿದವೇ ಆಗಿರುವ ರೈಲಿನಲ್ಲಿ ಈ ಮಾತೇ ಬರುವುದಿಲ್ಲ.

ಇನ್ನು ಕಾಯ್ದೆಯ ವಿಷಯ. 1989ರ ರೈಲ್ವೆ ಕಾಯ್ದೆಯ 155ನೆಯ ಸೆಕ್ಷನ್ನಿನಲ್ಲಿ ಎರಡು ಭಾಗಗಳಿವೆ, ಜನ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಬೇರೆಯವರಿಗೆ ಕಾಯ್ದಿರಿಸಿದ ಸೀಟಿನಲ್ಲಿ ಕುಳಿತು, ಅಧಿಕಾರವುಳ್ಳ ರೈಲ್ವೆ ಸಿಬ್ಬಂದಿ ಏಳಿ ಎಂದರೂ ಏಳದವನನ್ನು ಹೊರಗೆ ಕಳುಹಿಸಬಹುದು, ದಂಡವನ್ನೂ ವಿಧಿಸಬಹುದು ಎಂಬುದು ಮೊದಲ ಭಾಗ. ಕಾಯ್ದೆ ರೂಪುಗೊಂಡಾಗ ಈ ದಂಡದ ಮಿತಿ 500 ರೂಪಾಯಿ. ಗಮನಿಸಿ, ಎಬ್ಬಿಸುವ ಅಧಿಕಾರ ಇರುವುದು ಸಿಬ್ಬಂದಿಗೆ, ಸಹಪ್ರಯಾಣಿಕರಿಗಲ್ಲ. ಆದ್ದರಿಂದ ತೋಳು ಹಿಡಿದು ಎಬ್ಬಿಸಲು ಹೋಗಬೇಡಿ. ಟಿಸಿಗೆ ಹೇಳಿ, ಅವರು ಸಿಗದಿದ್ದರೆ 139ಕ್ಕೆ ಕರೆ ಮಾಡಿ ಬೋಗಿ ಮತ್ತು ಸೀಟಿನ ಸಂಖ್ಯೆ ತಿಳಿಸಿ. ಎರಡನೆಯ ಭಾಗ ಇದರ ತಿರುವುಮುರುವು: ತನಗಾಗಿ ಕಾಯ್ದಿರಿಸಿಲ್ಲದ ಬೋಗಿಗೆ ಇನ್ನೊಬ್ಬರು ನ್ಯಾಯವಾಗಿ ಹತ್ತುವುದನ್ನು ತಡೆಯುವುದೂ ಅಪರಾಧ. ಜನರಲ್ ಬೋಗಿಯ ಬಾಗಿಲಲ್ಲಿ ಕಾಲು ಚಾಚಿ ಕುಳಿತು "ಒಳಗೆ ಜಾಗ ಇಲ್ಲ, ಮುಂದೆ ಹೋಗಿ" ಎನ್ನುವವರು ಇದನ್ನು ಓದಿಕೊಳ್ಳಬೇಕು. ನಿಮ್ಮ ಬೋಗಿಗೆ ಅಷ್ಟು ಜನ ಬರುವುದಕ್ಕೆ ಆ ಬಾಗಿಲೂ ಒಂದು ಕಾರಣ.

ಸ್ಲೀಪರ್ ಬೋಗಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ತಕರಾರು ಇನ್ನೂ ಹೆಚ್ಚು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಾತ್ರ ಮಲಗುವ ಹಕ್ಕು; ಉಳಿದ ಹೊತ್ತಿನಲ್ಲಿ ಕೆಳಗಿನ ಬರ್ತು ಮೂವರದು. 7 ಗಂಟೆಗೂ ಮಧ್ಯದ ಬರ್ತನ್ನು ಇಳಿಸದೆ ಮುಸುಕು ಹಾಕಿಕೊಂಡಿರುವವರಿಗೆ ಪಾಸಿನವರನ್ನು ದೂರುವ ಮುಖವಿಲ್ಲ.

ಉತ್ತರ: ತೀರ್ಥಹಳ್ಳಿಯವನು, ಈಗ ಡೊಂಬಿವಲಿ

ಮುಂಬಯಿಯ ಉದಾಹರಣೆ ಬಂದಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿನ ಲೋಕಲ್‌ನಲ್ಲಿ ಫಸ್ಟ್ ಕ್ಲಾಸ್ ಎಂದರೆ ಬಹಳ ಕಡೆ ಇಡೀ ಬೋಗಿಯೂ ಅಲ್ಲ. ಬೋಗಿಯ ಒಂದು ಭಾಗವನ್ನು ಅಡ್ಡಗೋಡೆಯಿಂದ ಬೇರ್ಪಡಿಸಿ ಮೆತ್ತನೆಯ ಸೀಟು ಹಾಕಿರುತ್ತಾರೆ, ಅಷ್ಟೇ. ಆ ಗೋಡೆಯ ಈಚೆಗೂ ಆಚೆಗೂ ಗಾಳಿ ಒಂದೇ, ಫ್ಯಾನು ಒಂದೇ, ಬಾಗಿಲಿನ ನೂಕುನುಗ್ಗಲೂ ಹೆಚ್ಚುಕಡಿಮೆ ಒಂದೇ. ಬೆಳಗಿನ ಹೊತ್ತಿನಲ್ಲಿ ಫಸ್ಟ್ ಕ್ಲಾಸ್ ಪಾಸಿದ್ದವನೂ ನಿಂತೇ ಹೋಗುತ್ತಾನೆ, ಏಕೆಂದರೆ ಅಲ್ಲಿ ಸೀಟಿನ ಸಂಖ್ಯೆ ಎಂಬುದಿಲ್ಲ. ಹೆಚ್ಚು ಹಣ ಕೊಟ್ಟವನು ಖರೀದಿಸುವುದು ತುಸು ಕಡಿಮೆ ಗುಂಪನ್ನು, ಸೀಟನ್ನಲ್ಲ. ಸೆಕೆಂಡ್ ಕ್ಲಾಸಿನಲ್ಲಿ ವಿಪರೀತ ದಟ್ಟಣೆಯ ಹೊತ್ತಿಗೆ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಂತಿರುತ್ತಾರೆಂದು ರೈಲ್ವೆಯೇ ಲೆಕ್ಕ ಹಾಕಿದೆ. 2022ರ ಮೇ 5ರಿಂದ ಫಸ್ಟ್ ಕ್ಲಾಸಿನ ಬಿಡಿ ಟಿಕೆಟ್ ದರವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ದರ ಇಳಿದರೆ ಜನ ಹೆಚ್ಚುತ್ತಾರೆ, ಜನ ಹೆಚ್ಚಿದರೆ ಆ ದರಕ್ಕಿದ್ದ ಅರ್ಥವೇ ಹೋಗುತ್ತದೆ. ಈ ಏರ್ಪಾಟಿನ ಸಂಕಟವೇ ಅದು.

ಆದರೆ ಸೌಜನ್ಯದ ವಿಷಯದಲ್ಲಿ ಇಲ್ಲಿಂದ ಕಲಿಯಬೇಕಾದದ್ದಿದೆ, ಅದು ಸೆಕೆಂಡ್ ಕ್ಲಾಸಿನಲ್ಲಿಯೇ ಹೆಚ್ಚು. ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಅಂಚಿನ ಜಾಗ ಕೊಡುವುದು ಸೆಕೆಂಡ್ ಕ್ಲಾಸಿನ ವಾಡಿಕೆ. ಅರ್ಧ ಕುಳಿತು ಅರ್ಧ ನಿಂತಂತಿರುವ ಆ ಸೀಟಿಗೆ "ಚೌಥಿ ಸೀಟ್" ಎನ್ನುತ್ತಾರೆ. ಫಸ್ಟ್ ಕ್ಲಾಸಿನಲ್ಲಿ ಆ ವಾಡಿಕೆಯಿಲ್ಲ, ಅಲ್ಲಿ ಹಾಗೆ ಕೇಳಿದರೆ ಪತ್ರಿಕೆಯ ಮೇಲಿಂದ ಒಂದು ನೋಟ ಬರುತ್ತದೆ. ನಿಂತವರು ಕುಳಿತವರನ್ನು "ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿ ಆ ಸೀಟನ್ನು ಮೊದಲೇ ಹೇಳಿಟ್ಟುಕೊಳ್ಳುತ್ತಾರೆ, ಒಮ್ಮೆ ಹೇಳಿಟ್ಟ ಮೇಲೆ ಬೇರೆಯವರು ಅದಕ್ಕೆ ಕೈ ಹಾಕುವುದಿಲ್ಲ. ಬೆನ್ನಿನ ಚೀಲವನ್ನು ಎದೆಗೆ ತಿರುಗಿಸಿಕೊಳ್ಳುತ್ತಾರೆ ಅಥವಾ ಮೇಲಿಡಲು ಕುಳಿತವರ ಕೈಗೆ ಕೊಡುತ್ತಾರೆ. ನಿತ್ಯ ಒಟ್ಟಿಗೆ ಹೋಗುವ ಗುಂಪುಗಳಲ್ಲಿ ಕುಳಿತವನು ಅರ್ಧ ದಾರಿಯಲ್ಲಿ ಎದ್ದು, ನಿಂತ ಗೆಳೆಯನಿಗೆ ಜಾಗ ಬಿಡುವುದೂ ಉಂಟು. ಇವೆಲ್ಲ ಸೀಟಿನ ಮೇಲೆ ಯಾರ ಹೆಸರೂ ಇಲ್ಲದ ಕಡೆ ನಡೆಯುವ ವ್ಯವಹಾರ. ನಿಮ್ಮ ದಾರಿಯಲ್ಲಿ ಹೆಸರಿರುವ ಸೀಟೂ ಹೆಸರಿಲ್ಲದ ಗುಂಪೂ ಒಂದೇ ಬೋಗಿಯಲ್ಲಿ ಸೇರುತ್ತವೆ. ಅಲ್ಲಿಗೆ ಫಸ್ಟ್ ಕ್ಲಾಸ್ ಬೋಗಿಯನ್ನು ತಂದು ಜೋಡಿಸಿದರೆ, ಜನರಲ್ ಬೋಗಿಯಿಂದ ಹೊರಚೆಲ್ಲಿದ ಜನ ನಿಮ್ಮ ಬೋಗಿಯ ಬದಲು ಅದಕ್ಕೆ ಹತ್ತುತ್ತಾರೆ.

ಉತ್ತರ: ಪಾಸಿನ ಮೇಷ್ಟ್ರು

ನಾನು ಪಾಸಿನವನು. ಭದ್ರಾವತಿಗೂ ಬೀರೂರಿಗೂ ನಡುವಿನ ಒಂದು ಸಣ್ಣ ನಿಲ್ದಾಣದಿಂದ ಶಾಲೆಗೆ ಓಡಾಡುತ್ತೇನೆ. ನಿಮ್ಮ ತಾಯಿಯವರ ಮೇಲೆ ನೀರು ತೊಟ್ಟಿಕ್ಕುವಂತೆ ಕೊಡೆ ನೇತುಹಾಕಿದವರ ಪರವಾಗಿ ಒಂದು ಮಾತನ್ನೂ ಆಡುವುದಿಲ್ಲ. ಕಾರಿನ ಮಾತಂತೂ ಅಧಿಕಪ್ರಸಂಗ. ಆದರೆ ನಾವು ಆ ಬೋಗಿಗೆ ಏಕೆ ಬರುತ್ತೇವೆ ಎಂಬುದನ್ನು ಯಾರೂ ಕೇಳಲಿಲ್ಲ.

ಜನರಲ್ ಬೋಗಿಗಳು ಸಾಮಾನ್ಯವಾಗಿ ರೈಲಿನ ಎರಡು ತುದಿಗಳಲ್ಲಿರುತ್ತವೆ. ಸಣ್ಣ ನಿಲ್ದಾಣಗಳಲ್ಲಿ ಸೂರು ಇರುವುದು ಪ್ಲಾಟ್‌ಫಾರ್ಮಿನ ನಡುವೆ. ಮಲೆನಾಡಿನ ಆಷಾಢದ ಮಳೆಯಲ್ಲಿ ಜನ ಸೂರಿನ ಕೆಳಗೆ ನಿಲ್ಲುತ್ತಾರೆ, ರೈಲು ಬಂದಾಗ ಅವರ ಮುಂದೆ ನಿಲ್ಲುವುದು ಕಾಯ್ದಿರಿಸಿದ ಬೋಗಿ. ಒಂದೆರಡು ನಿಮಿಷದ ನಿಲುಗಡೆಯಲ್ಲಿ ಬ್ಯಾಗು, ಊಟದ ಡಬ್ಬಿ ಹಿಡಿದು ತುದಿಯವರೆಗೆ ಓಡಿದರೂ ಅಲ್ಲಿ ಬಾಗಿಲು ಜಾಮಾಗಿರುತ್ತದೆ. ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಶಾಲೆ ಕಾಲೇಜಿಗೆ ಹೋಗಿಬರಲು ಸೆಕೆಂಡ್ ಕ್ಲಾಸ್ ಪಾಸು ಉಚಿತ. ಒಳ್ಳೆಯ ಸೌಲಭ್ಯ, ಆದರೆ ಅದಕ್ಕೆ ತಕ್ಕಂತೆ ಬೋಗಿ ಹೆಚ್ಚಬೇಕಲ್ಲ? ಫಸ್ಟ್ ಕ್ಲಾಸಿನ ಮಾಸಿಕ ಪಾಸು ಸೆಕೆಂಡ್ ಕ್ಲಾಸಿನದರ ನಾಲ್ಕು ಪಟ್ಟು. ಅಷ್ಟು ಕೊಡುವ ಶಕ್ತಿ ಇದ್ದರೆ ನಮ್ಮಲ್ಲಿ ಅರ್ಧ ಜನ ಮೂವರು ಸೇರಿ ಕಾರಿನಲ್ಲಿಯೇ ಹೋಗುತ್ತಿದ್ದರು.

ನಮ್ಮ ಗುಂಪಿನಲ್ಲಿ ನಾವೇ ಮಾಡಿಕೊಂಡ ಕಟ್ಟಳೆ ಇದೆ. ಕಾಯ್ದಿರಿಸಿದ ಬೋಗಿಗೆ ಹತ್ತುವುದೇ ಅನಿವಾರ್ಯವಾದರೆ ಬಾಗಿಲ ಬಳಿಯ ಜಾಗದಲ್ಲಿಯೇ ನಿಲ್ಲಬೇಕು, ಒಳಗಿನ ಸಾಲುಗಳಿಗೆ ನುಗ್ಗಬಾರದು, ಮುಂದಿನ ದೊಡ್ಡ ನಿಲ್ದಾಣದಲ್ಲಿ ಇಳಿದು ಜನರಲ್‌ಗೆ ಹೋಗಬೇಕು. ಕೊಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲೇ ಹಿಡಿಯಬೇಕು. ಟಿಸಿ ಬಂದರೆ ವಾದಿಸಬಾರದು. ಎಲ್ಲರೂ ಪಾಲಿಸುತ್ತಾರೆಂದು ಹೇಳಲಾರೆ.

ಉತ್ತರ: ಕಡೂರಿನ ಗೃಹಿಣಿ

ಮೇಷ್ಟ್ರೇ, ಬಾಗಿಲ ಬಳಿಯೇ ನಿಲ್ಲುವುದು ಸೌಜನ್ಯವೆಂದು ನೀವು ತಿಳಿದಿದ್ದೀರಿ. ಶೌಚಾಲಯಕ್ಕೆ ಹೋಗಬೇಕಾದ ಹೆಂಗಸರು ಇಪ್ಪತ್ತು ಗಂಡಸರ ನಡುವೆ ತೂರಿಕೊಂಡು ಹೋಗಬೇಕಾಗುತ್ತದೆ ಎಂಬುದನ್ನೂ ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಬದಿಯ ಬಾಗಿಲ ಕಡೆ ಮಾತ್ರ ನಿಂತು ಇನ್ನೊಂದು ಬದಿಯ ದಾರಿಯನ್ನು ಬಿಟ್ಟರೂ ದೊಡ್ಡ ಉಪಕಾರ.

ಪ್ರಶ್ನೆ ಕೇಳಿದವರಿಂದ: ಸಾಗರದ ಪ್ರಯಾಣಿಕ

ಎಲ್ಲರಿಗೂ ಧನ್ಯವಾದಗಳು. ಫಸ್ಟ್ ಕ್ಲಾಸ್ ಬೋಗಿಯ ಆಸೆಯನ್ನು ಪೂರ್ತಿ ಬಿಟ್ಟಿಲ್ಲ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ಎಸಿ ಚೇರ್ ಕಾರಿನ ದರಕ್ಕೂ ಸೆಕೆಂಡ್ ಸಿಟ್ಟಿಂಗ್ ದರಕ್ಕೂ ನಡುವೆ ಏನಾದರೂ ಇರಬೇಕೆಂದು ಈಗಲೂ ಅನ್ನಿಸುತ್ತದೆ. ಆದರೆ ಜನರಲ್ ಬೋಗಿ ಹೀಗೆ ತುಂಬಿ ಹರಿಯುತ್ತಿರುವವರೆಗೆ ಅದರಿಂದ ಪ್ರಯೋಜನ ಕಡಿಮೆ ಎಂಬ ಮಾತನ್ನು ಒಪ್ಪುತ್ತೇನೆ. ಮೈಸೂರು ವಿಭಾಗದ ರೈಲ್ವೆ ವ್ಯವಸ್ಥಾಪಕರಿಗೆ ಒಂದು ಮನವಿ ಬರೆಯುತ್ತಿದ್ದೇನೆ. ಬೆಳಗಿನ ರೈಲುಗಳಲ್ಲಿ ಶಿವಮೊಗ್ಗ ಮತ್ತು ಅರಸೀಕೆರೆ ನಡುವೆ ಒಂದು ಬೋಗಿಯನ್ನು ಪಾಸಿನವರಿಗೆ ಬಿಡಬೇಕು, ಅದು ರೈಲಿನ ನಡುವೆಯೇ ಇರಬೇಕು ಎಂಬುದು ಅದರ ಮುಖ್ಯ ಬೇಡಿಕೆ. ಮೇಷ್ಟ್ರು ತಮ್ಮ ಗುಂಪಿನವರ ಸಹಿ ಹಾಕಿಸಿಕೊಡುವುದಾದರೆ, ಪ್ರತಿಯೊಬ್ಬರೂ ತಾವು ಹತ್ತುವ ಮತ್ತು ಇಳಿಯುವ ನಿಲ್ದಾಣವನ್ನು ಹೆಸರಿನ ಮುಂದೆ ಬರೆಯಲಿ. ಎಲ್ಲಿಂದ ಎಲ್ಲಿಯವರೆಗೆ ಬೋಗಿ ಬೇಕು ಎಂಬುದು ಆಗ ಅವರಿಗೂ ಸ್ಪಷ್ಟವಾಗುತ್ತದೆ.