ಸಹಾಯ ಬೇಕು: ಮುಂಬೈನಲ್ಲಿ ಪರೇಲ್ ಹತ್ತಿರ ಕಡಿಮೆ ಬಾಡಿಗೆಯ ರೂಮು

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಮನೆ ಆಲೂರು ಕಡೆ. ಅಕ್ಕನನ್ನು ತೋರಿಸಲು ಮುಂದಿನ ತಿಂಗಳು ಮುಂಬೈನ ಪರೇಲ್‌ನಲ್ಲಿರುವ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು. ಅರಸೀಕೆರೆಯಲ್ಲಿ ಹತ್ತಿದರೆ ದಾದರ್‌ನಲ್ಲೇ ಇಳಿಯಬಹುದು, ಪರೇಲ್ ಅಲ್ಲಿಂದ ಒಂದೇ ಸ್ಟೇಷನ್. ರೈಲಿನ ಚಿಂತೆ ಇಲ್ಲ. ಚಿಂತೆಯೆಲ್ಲ ಇಳಿದ ಮೇಲಿಂದು.

ಆ್ಯಪ್‌ನಲ್ಲಿ ನೋಡಿದರೆ ಒಂದು ರಾತ್ರಿಗೆ ಮೂರು ಸಾವಿರದ ಕೆಳಗೆ ನೆಟ್ಟಗಿನ ರೂಮೇ ಕಾಣಲಿಲ್ಲ. ಹಾಸನದಲ್ಲಿ ಆ ದುಡ್ಡಿಗೆ ಮೂರು ದಿನ ಇರಬಹುದು! ಒಂದು ಲಾಡ್ಜ್‌ಗೆ ಫೋನ್ ಮಾಡಿದೆ, ಪೇಷೆಂಟ್ ಇದ್ದಾರೆ ಅಂದ ಕೂಡಲೇ ರೂಮ್ ಖಾಲಿ ಇಲ್ಲ ಅಂದುಬಿಟ್ಟರು. ಮನಸ್ಸಿಗೆ ಪಿಚ್ಚೆನಿಸಿತು.

ನಾವು ಮೂವರು: ಅಕ್ಕ, ಭಾವ, ನಾನು. ಹತ್ತು ದಿನ ಆಗಬಹುದು. ದಿನಕ್ಕೆ 1,200ರವರೆಗೆ ಕೊಡಬಲ್ಲೆವು. ಎ.ಸಿ., ಟಿ.ವಿ. ಏನೂ ಬೇಡ. ಅಕ್ಕನಿಗೆ ಮೆಟ್ಟಿಲು ಹತ್ತೋಕಾಗಲ್ಲ, ಹಾಗಾಗಿ ನೆಲಮಹಡಿ ಅಥವಾ ಲಿಫ್ಟ್ ಇರಲೇಬೇಕು. ಗಂಜಿ ಕಾಯಿಸಿಕೊಳ್ಳಲು ಬಿಟ್ಟರೆ ದೊಡ್ಡ ಉಪಕಾರ.

ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ಉಳಿದವರು ಯಾರಾದರೂ ಇದ್ದೀರಾ? ಆಸ್ಪತ್ರೆ ಚೀಟಿ ಮೊದಲೇ ಬೇಕಾ, ಹೋದಮೇಲೆ ಕೊಟ್ಟರೆ ನಡೆಯುತ್ತಾ? ಮಾಟುಂಗಾ ಕಡೆಯ ಕನ್ನಡದವರು ಮನೆಯ ರೂಮು ಬಾಡಿಗೆಗೆ ಕೊಡುವುದಿದ್ದರೂ ತಿಳಿಸಿ. ನಂಬರ್ ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ.