ಎತ್ತಿ ನಿಲ್ಲಿಸಿದ ಲೋಡರ್ ತೋಳು ತಾನಾಗಿ ಇಳಿಯುತ್ತಿದೆ: ಕೈಯಾರೆ ಸರಿಮಾಡಿದವರ ಅನುಭವಗಳು

ಪ್ರಶ್ನೆ

ನಮ್ಮ ಹಳೆಯ ಬ್ಯಾಕ್‌ಹೋ ಲೋಡರ್‌ನ ಮುಂದಿನ ತೋಳನ್ನು ಎತ್ತಿ ಎಂಜಿನ್ ಆರಿಸಿದರೆ ಹತ್ತು ನಿಮಿಷದಲ್ಲಿ ಒಂದು ಗೇಣು ಇಳಿದಿರುತ್ತದೆ. ಬಿಟ್ಟರೆ ನೆಲದವರೆಗೂ ಬರುತ್ತದೆ. ಹೊರಗೆ ಎಲ್ಲಿಯೂ ಎಣ್ಣೆ ತೊಟ್ಟಿಕ್ಕುತ್ತಿಲ್ಲ, ಕೆಲಸದಲ್ಲಿ ಶಕ್ತಿಯೂ ಕುಂದಿಲ್ಲ. ಒಬ್ಬ ಮೆಕ್ಯಾನಿಕ್ ಪಂಪ್ ಬದಲಿಸಬೇಕು ಎಂದರು, ಇನ್ನೊಬ್ಬರು ಸಿಲಿಂಡರ್ ಸೀಲ್ ಎಂದರು. ಫಿಲ್ಟರ್ ಬದಲಿಸುವುದು, ಡೀಸೆಲ್ ಲೈನಿನ ಗಾಳಿ ತೆಗೆಯುವುದು ನನಗೆ ರೂಢಿಯಿದೆ. ಹೈಡ್ರಾಲಿಕ್ ಭಾಗಕ್ಕೆ ಇದುವರೆಗೆ ಕೈ ಹಾಕಿಲ್ಲ. ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ, ಎಲ್ಲಿಂದ ಶುರುಮಾಡಲಿ?

ಮೊದಲ ಉತ್ತರ

ಪಂಪನ್ನು ಮುಟ್ಟಲೇಬೇಡಿ. ಎಂಜಿನ್ ಆರಿದ ಮೇಲೆ ಪಂಪ್ ತಿರುಗುವುದೇ ಇಲ್ಲ. ತೋಳನ್ನು ಮೇಲೆ ಹಿಡಿದಿರುವುದು ಸಿಲಿಂಡರಿನೊಳಗೆ ಕಟ್ಟಿಹಾಕಿದ ಎಣ್ಣೆ. ಪಂಪ್ ಸವೆದಿದ್ದರೆ ತೋಳು ಏಳುವುದೇ ನಿಧಾನವಾಗುತ್ತಿತ್ತು, ಎಣ್ಣೆ ಬಿಸಿಯಾದಂತೆ ಬಕೆಟ್, ಹಿಂದಿನ ತೋಳು ಎಲ್ಲವೂ ಒಟ್ಟಿಗೆ ಸೊರಗುತ್ತಿದ್ದವು. ನಿಮ್ಮಲ್ಲಿ ಹಾಗಿಲ್ಲ.

ಕಟ್ಟಿಹಾಕಿದ ಎಣ್ಣೆ ತಪ್ಪಿಸಿಕೊಳ್ಳಲು ಮುಖ್ಯವಾಗಿ ಎರಡು ದಾರಿ: ಪಿಸ್ಟನ್ ಸೀಲ್ (ಪಿಸ್ಟನ್ ಸುತ್ತ ಎಣ್ಣೆ ತಡೆಯುವ ಉಂಗುರ) ದಾಟಿ ಸಿಲಿಂಡರಿನ ಇನ್ನೊಂದು ಬದಿಗೆ, ಇಲ್ಲವೇ ಕಂಟ್ರೋಲ್ ವಾಲ್ವಿನ (ಲಿವರ್ ಆಡಿಸಿದಂತೆ ಎಣ್ಣೆಗೆ ದಾರಿ ತೆರೆದು ಮುಚ್ಚುವ ಭಾಗ) ಮೂಲಕ ಟ್ಯಾಂಕಿಗೆ. ನಾನು ಯೋಚಿಸದೆ ಎರಡೂ ಸಿಲಿಂಡರ್ ಬಿಚ್ಚಿ ಹೊಸ ಸೀಲ್ ಹಾಕಿದೆ. ಮೂರು ದಿನ ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ಬಕೆಟ್ ಎಂದಿನಂತೆ ನೆಲದ ಮೇಲಿತ್ತು.

ಆಮೇಲೆ ಕುಳಿತು ಲೆಕ್ಕ ಹಾಕಿದಾಗ ಅರ್ಥವಾಯಿತು. ಲೋಡರ್ ತೋಳಿನ ಭಾರ ರಾಡನ್ನು (ಪಿಸ್ಟನ್‌ಗೆ ಜೋಡಿಸಿದ ಉಕ್ಕಿನ ದಂಡ) ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಪಿಸ್ಟನ್ ಸೀಲ್ ಹರಿದಿದ್ದರೆ ಕೆಳಗಿನ ಎಣ್ಣೆ ಮೇಲಿನ ಬದಿಗೆ ಹೋಗುತ್ತದೆ, ನಿಜ. ಆದರೆ ಅಲ್ಲಿ ರಾಡ್ ಜಾಗ ತಿಂದಿರುತ್ತದೆ. ಬಂದ ಎಣ್ಣೆಯೆಲ್ಲ ಅಲ್ಲಿ ಹಿಡಿಸುವುದಿಲ್ಲ. ವಾಲ್ವ್ ಸಿಲಿಂಡರಿನ ಎರಡೂ ಬಾಯಿಗಳನ್ನು ಬಿಗಿಯಾಗಿ ಮುಚ್ಚಿದ್ದರೆ ತೋಳು ಸ್ವಲ್ಪ ಕುಸಿದು ನಿಂತುಬಿಡಬೇಕು. ನೆಲದವರೆಗೂ ಇಳಿಯುತ್ತದೆ ಎಂದರೆ ವಾಲ್ವ್ ಕೂಡ ಬಿಡುತ್ತಿದೆ ಎಂದೇ ಅರ್ಥ. ಭಾರವು ರಾಡನ್ನು ಹೊರಕ್ಕೆ ಎಳೆಯುವ ಸಿಲಿಂಡರುಗಳಲ್ಲಿ ಮಾತ್ರ ಸೀಲ್ ಒಂದೇ ಕೆಟ್ಟರೂ ಭಾರ ಪೂರ್ತಿ ಇಳಿಯುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಂದು ಇಂದಿಗೂ ಅನಿಸುತ್ತದೆ.

ಬಿಚ್ಚುವ ಮೊದಲು ಹೀಗೆ ಪರೀಕ್ಷಿಸಿ. ತೋಳನ್ನು ಪೂರ್ತಿ ಎತ್ತಿ, ಯಂತ್ರದೊಂದಿಗೆ ಬಂದ ಉಕ್ಕಿನ ಸೇಫ್ಟಿ ಲಾಕ್ ಕೂರಿಸಿ, ಭಾರವನ್ನು ಅದರ ಮೇಲೆ ಇಳಿಸಿ. ಎಂಜಿನ್ ಆರಿಸಿ, ಲಿವರುಗಳನ್ನು ನಾಲ್ಕಾರು ಬಾರಿ ಎಲ್ಲ ದಿಕ್ಕಿಗೂ ಆಡಿಸಿ ಒತ್ತಡ ಕಳೆಯಿರಿ. ಒಂದು ಸಿಲಿಂಡರಿನ ರಾಡ್ ಬದಿಯ ಹೋಸ್ ಬಿಚ್ಚಿ, ಹೋಸಿನ ಬಾಯಿಗೆ ಪ್ಲಗ್ ಬಿಗಿಯಿರಿ. ಸಿಲಿಂಡರಿನ ತೆರೆದ ಬಾಯಿಯಿಂದ ಒಂದು ಬಾಲ್ದಿಯೊಳಕ್ಕೆ ಸಡಿಲ ಪೈಪ್ ಬಿಡಿ. ಎಲ್ಲರೂ ದೂರ ಸರಿದ ಮೇಲೆ ಎಂಜಿನ್ ನಿಧಾನಗತಿಯಲ್ಲಿಟ್ಟು ಎತ್ತುವ ಲಿವರನ್ನು ಮೆಲ್ಲಗೆ ಒತ್ತಿ. ಮೊದಲು ಒಂದಿಷ್ಟು ಎಣ್ಣೆ ಬಂದೇ ಬರುತ್ತದೆ. ರಾಡ್ ಕೊನೆ ಮುಟ್ಟಿದ ಮೇಲೂ ಧಾರೆ ನಿಲ್ಲದಿದ್ದರೆ ಆ ಸಿಲಿಂಡರಿನ ಸೀಲ್ ಹೋಗಿದೆ. ನಿಂತರೆ ಆ ಸಿಲಿಂಡರನ್ನು ಬಿಚ್ಚಬೇಡಿ. ಇನ್ನೊಂದಕ್ಕೂ ಹೀಗೆಯೇ.

ಇನ್ನೊಂದು ಸೂಚನೆ: ಎತ್ತಲು ಲಿವರ್ ಒತ್ತಿದ ಆ ಕ್ಷಣ ತೋಳು ಏಳುವ ಮೊದಲು ತುಸು ಕುಸಿದರೆ ವಾಲ್ವಿನೊಳಗಿನ ಲೋಡ್ ಚೆಕ್ (ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಏಕಮುಖ ವಾಲ್ವ್) ಸರಿಯಾಗಿ ಕೂರುತ್ತಿಲ್ಲ. ಸ್ವಲ್ಪ ಇಳಿಯುವುದು ಹೊಸ ಯಂತ್ರದಲ್ಲೂ ಸಹಜ. ಎಷ್ಟರವರೆಗೆ ಸರಿ ಎಂಬುದನ್ನು ಸರ್ವಿಸ್ ಕೈಪಿಡಿಯಲ್ಲಿ ನೋಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ. ನಾನು ಕೈಯ ಬಗ್ಗೆ ಮಾತ್ರ ಹೇಳುತ್ತೇನೆ. ಈ ಯಂತ್ರಗಳಲ್ಲಿ ಒತ್ತಡ ಸುಮಾರು 200 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು, ಇರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ, ಕೈಗವಸು ಇದ್ದರೂ. ನನ್ನ ತಮ್ಮ ಹೋಸ್ ಎಲ್ಲಿ ಬಿಡುತ್ತಿದೆ ಎಂದು ಬೆರಳಿನಿಂದ ಸವರಿ ನೋಡಿದ. ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಇರಲಿಲ್ಲ. ಸಂಜೆಯ ಹೊತ್ತಿಗೆ ಬೆರಳು ಊದಿ ಬಿಳಿಚಿಕೊಂಡಿತು, ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಬೆರಳು ಉಳಿಯಿತು, ಪೂರ್ತಿ ಮಡಚಲು ಇನ್ನೂ ಬರುವುದಿಲ್ಲ. ಸೋರಿಕೆ ಹುಡುಕಲು ಉದ್ದನೆಯ ರಟ್ಟು ಹಿಡಿಯಿರಿ. ಚುಚ್ಚಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕುಗಳನ್ನು ತೋಳಿಗೆ ಆಸರೆ ಕೊಡಬೇಡಿ. ಅವು ಸದ್ದಿಲ್ಲದೆ ಒಡೆಯುತ್ತವೆ.

ಮೂರನೆಯ ಉತ್ತರ

ಸೀಲ್ ಬದಲಿಸಲೇಬೇಕಾಗಿ ಬಂದರೆ: ರಾಡನ್ನು ಬೆಳಕಿಗೆ ಹಿಡಿದು ಉಗುರಿನಿಂದ ಉದ್ದಕ್ಕೂ ಗೀರಿ. ಉಗುರು ಸಿಕ್ಕಿಕೊಳ್ಳುವ ಗೀರು ಕ್ರೋಮ್ ಮೇಲಿದ್ದರೆ ಹೊಸ ಸೀಲ್ ಬಹಳ ದಿನ ಬಾಳುವುದಿಲ್ಲ. ಹಳೆಯ ಸೀಲ್ ತೆಗೆಯುವ ಮುನ್ನ ಅದರ ತುಟಿ (ತೆಳುವಾದ ಅಂಚು) ಯಾವ ಕಡೆಗಿದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ; ತುಟಿ ಒತ್ತಡದ ಕಡೆಗೆ ಇರಬೇಕು. ಹೊಸದನ್ನು ಬೆಚ್ಚಗಿನ ಹೈಡ್ರಾಲಿಕ್ ಎಣ್ಣೆಯಲ್ಲಿ ನೆನೆಸಿಟ್ಟರೆ ಮೆತ್ತಗಾಗಿ, ಗೋಡಂಬಿಯ ಆಕಾರಕ್ಕೆ ಬಾಗಿಸಿ ಸೀಲ್ ಕೂರುವ ತೋಡಿನೊಳಗೆ ಬೆರಳಿನಿಂದಲೇ ಕೂರಿಸಬಹುದು. ಸ್ಕ್ರೂಡ್ರೈವರ್ ಬಳಸಬೇಡಿ. ಪಿಸ್ಟನ್ ನಟ್ ಅನ್ನು ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಿರಿ, ಅಂದಾಜು ಸಾಲದು.

ಜೋಡಿಸಿದ ಮೇಲೆ ಅವಸರ ಬೇಡ. ಒಳಗೆ ಗಾಳಿ ಇರುತ್ತದೆ. ಅದನ್ನು ಒಮ್ಮೆಲೇ ಒತ್ತಿದರೆ ಎಣ್ಣೆಯ ಆವಿಯೊಂದಿಗೆ ಒಳಗೇ ಹೊತ್ತಿಕೊಂಡು ಹೊಸ ಸೀಲ್ ಸುಟ್ಟುಹೋಗುತ್ತದೆ. ಭಾರವಿಲ್ಲದೆ, ಕೊನೆ ಮುಟ್ಟಿಸದೆ, ನಿಧಾನವಾಗಿ ಹತ್ತು ಬಾರಿ ಆಡಿಸಿ. ನಂತರ ಟ್ಯಾಂಕಿನ ಮಟ್ಟ ನೋಡಿ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞ. ಪರೀಕ್ಷಿಸಿದೆ: ಎರಡೂ ಸಿಲಿಂಡರುಗಳಲ್ಲಿ ಧಾರೆ ನಿಂತಿತು. ಮುಚ್ಚಿದಂತೆಯೇ ಇಟ್ಟೆ. ನಮ್ಮ ಯಂತ್ರದ ವಾಲ್ವಿನಲ್ಲಿ ತೋಳಿನ ಎಣ್ಣೆಯ ದಾರಿಗೆ ಬೇರೆಯೇ ಪೋರ್ಟ್ ರಿಲೀಫ್ (ಒತ್ತಡ ಮಿತಿಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವ್) ಇದೆ. ಸೆಟ್ಟಿಂಗ್ ಕದಲಿಸದೆ ಅದನ್ನು ಇಡಿಯಾಗಿ ಬಿಚ್ಚಿದಾಗ ಹೊರಗಿನ ಓ-ರಿಂಗ್ ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಅಷ್ಟೇ ಬದಲಿಸಿದೆ. ನಿನ್ನೆ ಸಂಜೆ ತೋಳು ಎತ್ತಿ, ರಾಡ್ ಗ್ಲ್ಯಾಂಡಿಗೆ (ಸಿಲಿಂಡರಿನ ಬಾಯಿಯ ಮುಚ್ಚಳ) ಸೇರುವಲ್ಲಿ ಮಾರ್ಕರಿನಿಂದ ಗೆರೆ ಎಳೆದೆ. ಅರ್ಧ ಗಂಟೆಯ ನಂತರವೂ ಗೆರೆ ಕಾಣುತ್ತಿತ್ತು, ಅರ್ಧ ಭಾಗ ಮಾತ್ರ ಒಳಗೆ ಹೋಗಿತ್ತು.