ಓದುಗರ ಸ್ಪಂದನ: ನೀಲಿ ಟಿಕ್ ಬಿದ್ದ ಮೇಲೆ ಉತ್ತರ ಎಲ್ಲಿ?

ಕಳೆದ ವಾರದ ಸಮಸ್ಯೆ: ಹಾಸನದ ಶಿಕ್ಷಕಿಯೊಬ್ಬರಿಗೆ ಪೋಷಕರ ಗ್ರೂಪು, ಶಾಲೆಯ ಗ್ರೂಪು, ನೆಂಟರ ಗ್ರೂಪು ಸೇರಿ ರಾತ್ರಿ ಹತ್ತಾದರೂ ಬಿಡುವಿಲ್ಲ. ತಡವಾಗಿ ಉತ್ತರಿಸಿದರೆ ನಾದಿನಿಗೆ ಮುನಿಸು. ಊರಲ್ಲಿ ವಯಸ್ಸಾದ ಅಮ್ಮ ಒಬ್ಬರೇ ಇರುವುದರಿಂದ ಫೋನ್ ಆಫ್ ಮಾಡಲು ಭಯ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಮೇಡಂ, ಫೋನ್ ಆಫ್ ಮಾಡುವುದೇ ಬೇಡ. ಆಂಡ್ರಾಯ್ಡ್ ಫೋನಿನಲ್ಲಿ ‘ಡು ನಾಟ್ ಡಿಸ್ಟರ್ಬ್’ ಇರುತ್ತದೆ. ಅಮ್ಮನ ನಂಬರಿಗೂ ಅವರ ಪಕ್ಕದ ಮನೆಯವರ ನಂಬರಿಗೂ ಸ್ಟಾರ್ ಹಾಕಿ, ಸ್ಟಾರ್ ಇದ್ದವರ ಕರೆ ಮಾತ್ರ ಬರಲಿ ಎಂದು ಆರಿಸಿ. ರಾತ್ರಿ 9ಕ್ಕೆ ತಾನಾಗಿ ಆನ್ ಆಗಿ ಬೆಳಗ್ಗೆ ಆಫ್ ಆಗುವಂತೆ ಸಮಯವನ್ನೂ ಇಡಬಹುದು. ಗೊತ್ತಿಲ್ಲದ ನಂಬರಿನಿಂದ ತುರ್ತು ಕರೆ ಬಂದರೆ? ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದರೆ ರಿಂಗ್ ಆಗಲಿ ಎಂಬ ಆಯ್ಕೆಯೂ ಅಲ್ಲೇ ಇದೆ. ನಿಜವಾಗಿ ಅರ್ಜೆಂಟ್ ಇದ್ದವರು ಮತ್ತೆ ಮಾಡೇ ಮಾಡುತ್ತಾರೆ, ಅಲ್ವಾ?

ಇನ್ನು 2014ರಲ್ಲಿ ಬಂದ ಈ ನೀಲಿ ಟಿಕ್. ವಾಟ್ಸ್‌ಆ್ಯಪ್‌ನ ಪ್ರೈವೆಸಿಯಲ್ಲಿ ‘ರೀಡ್ ರಿಸೀಪ್ಟ್ಸ್’ ಆಫ್ ಮಾಡಿದರೆ ನಾದಿನಿಗೆ ಕಾಣುವುದಿಲ್ಲ. ಆದರೆ ಅವರು ನೋಡಿದರೋ ಇಲ್ಲವೋ ಅನ್ನುವುದು ನಿಮಗೂ ಕಾಣುವುದಿಲ್ಲ. ಗ್ರೂಪುಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ‘ಮ್ಯೂಟ್’ ಒತ್ತಿ, ‘ಆಲ್ವೇಸ್’ ಆರಿಸಿ. ಯಾರಿಗೂ ಹೇಳಲು ಹೋಗಬೇಡಿ.
– ಮೊಬೈಲ್ ಅಂಗಡಿಯವರು, ತಿಪಟೂರು

ಸುಮ್ನೆ ನೆಂಟರ ಗ್ರೂಪಿನಿಂದ ಹೊರಗೆ ಬನ್ನಿ. 2022ರಿಂದ ಯಾರಾದರೂ ಗ್ರೂಪ್ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ನಾನು ಯುಗಾದಿಗೆ ಬಿಟ್ಟೆ, ಗಣೇಶನ ಹಬ್ಬದವರೆಗೂ ಯಾರೂ ಕೇಳಲಿಲ್ಲ. ಕೇಳಿದವರೂ ಚೀಟಿ ಹಣದ ವಿಷಯಕ್ಕೆ ಕೇಳಿದ್ದು.
– ಗೃಹಿಣಿ, ಶಿರಸಿ

ನಾನೂ ಶಿಕ್ಷಕ. ರಾತ್ರಿ ಒಮ್ಮೆ ಉತ್ತರ ಕೊಟ್ಟರೆ ಮರುದಿನವೂ ಅದೇ ಹೊತ್ತಿಗೆ ಕಾಯುತ್ತಾರೆ. ಪೋಷಕರ ಸಭೆಯಲ್ಲೇ ಹೇಳಿಬಿಡಿ: ಸಂಜೆ ಇಷ್ಟರಿಂದ ಇಷ್ಟರವರೆಗೆ ನಾನು ಸಿಗುತ್ತೇನೆ. ತರಗತಿಯ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ. ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ. ಮುಖ್ಯೋಪಾಧ್ಯಾಯರು ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ತಲೆನೋವು.
– ಶಿಕ್ಷಕರು, ಧಾರವಾಡ

ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇದಕ್ಕೆ ಕಾನೂನೇ ಇದೆ. ಕೆಲಸದ ಹೊತ್ತು ಮುಗಿದ ಮೇಲೆ ಬಾಸ್ ಕರೆ ಮಾಡಿದರೆ, ಸರಿಯಾದ ಕಾರಣ ಇಲ್ಲದಿದ್ದರೆ ನಾವು ಎತ್ತಬೇಕಿಲ್ಲ. ಫ್ರಾನ್ಸ್‌ನಲ್ಲಿ ಇಂಥದ್ದು 2017ರಲ್ಲೇ ಬಂದಿತ್ತು. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಆದರೆ ಒಂದು ಮಾತು: ಯಾವ ದೇಶದ ಕಾನೂನೂ ನಾದಿನಿಗೆ ಅನ್ವಯಿಸುವುದಿಲ್ಲ!
– ಕನ್ನಡಿಗರು, ಮೆಲ್ಬರ್ನ್

ಮಿಸ್, ನಾನು ಪೋಷಕರ ಕಡೆಯವಳು. ಗಾರ್ಮೆಂಟ್ಸ್‌ನಲ್ಲಿ ಕೆಲಸದ ಹೊತ್ತಲ್ಲಿ ಫೋನ್ ಮುಟ್ಟುವಂತಿಲ್ಲ. ಬಸ್ ಹಿಡಿದು ಮನೆ ಸೇರಿ ಅಡುಗೆ ಮುಗಿಸುವಾಗ ಒಂಬತ್ತೂವರೆ. ಆಮೇಲೆ ಮಗನ ಬ್ಯಾಗ್ ತೆಗೆದು ನೋಡುತ್ತೇನೆ. ಅರ್ಥವಾಗದ್ದನ್ನು ಆಗಲೇ ಕೇಳಬೇಕು, ಬೆಳಗ್ಗೆ ಮರೆತುಹೋಗುತ್ತದೆ. ಆಗಲೇ ಉತ್ತರ ಬೇಕು ಅಂತ ಅಲ್ಲ. ನೀವು ಮಲಗಿ. ಬೆಳಗ್ಗೆ ನಾನು ಗೇಟಿನೊಳಗೆ ಹೋಗುವ ಮೊದಲು, ಎಂಟೂವರೆಯೊಳಗೆ, ಒಂದು ಸಾಲು ಹಾಕಿದರೂ ಸಾಕು.
– ತಾಯಿ, ಪೀಣ್ಯ